ಜಾಯಿಕಾಯಿಯ ಅಳತೆ

"ಜಾದಿಕ್ಕಾಯ್ ಜಾಸ್ತಿಯಾದ್ರೆ ವಿಷ ಅಂತಾರಲ್ಲ ಜಲಜಾ?" ವೀಕ್ಷಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

ಜಲಜಾ ತಲೆ ಎತ್ತಲಿಲ್ಲ. ಸಾಣೆಕಲ್ಲಿಗೆ ಹಾಲು ಚಿಮುಕಿಸಿ ಜಾಯಿಕಾಯಿ ತೇಯುತ್ತಿದ್ದಳು. "ಅಳತೆ ನನಗೆ ಗೊತ್ತು ಮೇಡಂ. ಏಳು ಸುತ್ತು. ಎಂಟಾದರೆ ಕಷ್ಟ."

ಚೆನ್ನೈನ ಅಣ್ಣಾ ನಗರದ ಈ ಮನೆಗೆ ನರ್ಸಾಗಿ ಬಂದು ಅವಳಿಗೆ ಎರಡು ತಿಂಗಳು. ವೀಕ್ಷಾಳ ಮಾವ ಭೋಜರಾಜ ಅಪಾರ್ಟ್‌ಮೆಂಟು ಕಟ್ಟಿಸಿ ದೊಡ್ಡವರಾದವರು. ಮೂರು ವರ್ಷದಿಂದ ನಿದ್ದೆಯಿಲ್ಲ. ಉಂಡದ್ದು ಮರೆಯುತ್ತಿದ್ದರು. ಮಗನನ್ನೇ "ನೀವ್ಯಾರು?" ಎನ್ನುತ್ತಿದ್ದರು. ಯಾವ ಮಾತ್ರೆಯೂ ನಾಟಿರಲಿಲ್ಲ. ಕನ್ನಡ ಬಲ್ಲ ನರ್ಸ್ ಬೇಕಂತೆ ಎಂದು ಕಿವಿಗೆ ಬಿದ್ದ ದಿನವೇ ಜಲಜಾ ತಾಂಬರಂನ ಕೆಲಸ ಬಿಟ್ಟಿದ್ದಳು.

ತಂಗಿಯ ವಿಷಯ ಮಾತ್ರ ಇಲ್ಲಿ ಬಾಯಿಬಿಟ್ಟಿರಲಿಲ್ಲ. ಶೋಳಿಂಗನಲ್ಲೂರಿನಲ್ಲಿ ಭೋಜರಾಜರು ಕಟ್ಟಿಸಿದ ಕಟ್ಟಡದ ಲಿಫ್ಟು ಆರನೇ ಮಹಡಿಯಿಂದ ಕುಸಿದಾಗ ಒಳಗಿದ್ದವಳು ಕೃತಿ. ಇಪ್ಪತ್ತಾರು ವರ್ಷ. ಮುಖ ನೋಡಬೇಡಿ ಎಂದಿದ್ದರು ಆಸ್ಪತ್ರೆಯವರು. ಜಲಜಾ ನೋಡಿದ್ದಳು.

ಸಂಜೆ ಏಳಕ್ಕೆ ಲೋಟ ಮುಂದೆ ಹಿಡಿದಳು.

"ಏನೇನು ಹಾಕಿದೀಯಮ್ಮ?" ಎಂದರು ಭೋಜರಾಜ.

"ಜಾಯಿಕಾಯಿ, ಗಸಗಸೆ, ಚಿಟಿಕೆ ಜಟಾಮಾಂಸಿ. ನಮ್ಮಜ್ಜಿಯ ಮದ್ದು ಸರ್. ಒಂದು ಹನಿಯೂ ಬಿಡಬೇಡಿ."

ಅವರ ಗಂಟಲು ಏರಿಳಿಯುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅರ್ಧ ಗಂಟೆಯಲ್ಲಿ ಬಾಯಿ ತೆರೆದು ಮಲಗಿದ್ದರು. ಪಕ್ಕದಲ್ಲಿ ಇನ್ನೊಂದು ದಿಂಬಿತ್ತು. ಜಲಜಾಳ ಕೈ ಅದರ ಮೇಲೆ ತುಸು ಹೊತ್ತು ನಿಂತಿತು. ಬೆರಳುಗಳು ಬಿಗಿದವು. ಈಗಲ್ಲ, ಎಂದುಕೊಂಡಳು. ಇಷ್ಟು ಸುಲಭವಾಗಿಯೂ ಅಲ್ಲ.

ಮದ್ದು ನಿಲ್ಲಲಿಲ್ಲ. ನಿದ್ದೆ ನಾಲ್ಕು ಗಂಟೆಯಿಂದ ಆರಕ್ಕೆ, ಆರರಿಂದ ಎಂಟಕ್ಕೆ ಏರಿತು. ಪ್ರತಿ ಬೆಳಿಗ್ಗೆ ಅವಳು ಗುರುತು ಹಾಕಿಟ್ಟಳು. ಒಂದು ಸಂಜೆ ಭೋಜರಾಜ ಪೇಪರು ಪಕ್ಕಕ್ಕಿಟ್ಟು ತಾವಾಗಿ ಹೇಳಿದರು: "ಆ ಲಿಫ್ಟಿನ ಹಗ್ಗ ಸವೆದಿದೆ ಅಂತ ಮೆಕ್ಯಾನಿಕ್ ಬರೆದುಕೊಟ್ಟಿದ್ದ. ಪರವಾಗಿಲ್ಲ, ಓಡ್ಲಿ ಅಂದೆ. ಯಾರೋ ಒಂದು ಹುಡುಗಿ ಹೋಗಿಬಿಟ್ಟಳು, ಪಾಪ."

ಯಾರೋ ಒಂದು ಹುಡುಗಿ. ಜಲಜಾ ಲೋಟವನ್ನು ಅವರ ಕೈಗಿಟ್ಟಳು.

"ಚೆನ್ನಾಗಿ ನಿದ್ದೆ ಮಾಡಿ ಸರ್," ಎಂದಳು. "ಸೋಮವಾರದವರೆಗೆ ಒಂದು ದಿನವೂ ತಪ್ಪಬಾರದು."

ಸೋಮವಾರ ಬೆಳಿಗ್ಗೆ ಮನೆಯ ಡಾಕ್ಟರು ಬಂದರು. ತೇದಿ ಕೇಳಿದರು, ಮನೆಯವರ ಹೆಸರು ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಭೋಜರಾಜ ಎಲ್ಲೂ ತಡವರಿಸಲಿಲ್ಲ. "ಸೂಪರ್, ಸರ್! ನೆನಪು ಕ್ಲಿಯರ್," ಎಂದು ಡಾಕ್ಟರು ಫೈಲಿನಲ್ಲಿ ಹಾಗೆಯೇ ಬರೆದು ಸಹಿ ಹಾಕಿದರು.

ವೀಕ್ಷಾಳ ಕಣ್ಣು ತುಂಬಿತು. ಜಲಜಾಳ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಮಾವನ್ನ ವಾಪಸ್ ಕೊಟ್ರಿ ನೀವು."

"ನನಗೂ ಅವರು ಹೀಗೇ ಬೇಕಿತ್ತು ಮೇಡಂ," ಎಂದಳು ಜಲಜಾ.

ಅಂದೇ ಕೆಲಸ ಬಿಟ್ಟು, ಬ್ಯಾಗು ಹೆಗಲಿಗೇರಿಸಿ ಬೀದಿಗಿಳಿದವಳು ಸರ್ಕಾರಿ ವಕೀಲರಿಗೆ ಫೋನು ಮಾಡಿದಳು:

"ಕೃತಿಯ ಅಕ್ಕ ಮಾತಾಡ್ತಿರೋದು ಸರ್. ಆರೋಪಿಗೆ ನೆನಪಿಲ್ಲ ಅಂತ ಮೂರು ವರ್ಷದಿಂದ ನಿಂತಿದೆಯಲ್ಲ ನಮ್ಮ ಕೇಸು, ಅವರಿಗೆ ಈಗ ಎಲ್ಲವೂ ನೆನಪಿದೆ. ಕಟಕಟೆಗೆ ಕರೆಸಿ."