ಉಗ್ಗಿನ ಸೀನು

ಆಲ್ಕೊಳ ಸರ್ಕಲ್ಲಿನಲ್ಲಿ ಇವತ್ತು ಯಾರದೋ ಮೊಬೈಲಿನಿಂದ ಹಳೇ ಸಿನಿಮಾದ ಹಾಸ್ಯನಟನೊಬ್ಬನ ದನಿ ಕೇಳಿಸಿತು. ಹೋಟೆಲಿನಲ್ಲಿ ಉಗ್ಗುತ್ತ ಬೋಂಡಾ ಕೇಳುವ ಸೀನು. ಜನ ಈಗಲೂ ನಗುತ್ತಾರೆ.

ನಾನು ಚಿಕ್ಕ ಮಗುವಾಗಿದ್ದಾಗ ಒಂದು ದಿನ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಮನೆಗೆ ಅಪ್ಪನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅತ್ತೆಗೆ ಉಗ್ಗು, ಹಾಡುವಾಗ ಮಾತ್ರ ಇರುತ್ತಿರಲಿಲ್ಲ. "ಹಾಡು ಹೇಳಿ ಒಳಗೆ ಬಂದ್ಬಿಡು, ಮಾತಾಡ್ಬೇಡ ಮಾರಾಯ್ತಿ," ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಅತ್ತೆ ಒಂದು ವಚನವನ್ನು ಸಲೀಸಾಗಿ ಹಾಡಿದಳು. ಗಂಡಿನ ತಾಯಿ ಖುಷಿಯಾಗಿ ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡರು.

ಅಷ್ಟರಲ್ಲಿ ಟೀವಿಯಲ್ಲಿ ಆ ಸೀನು ಬಂತು. ಆವತ್ತು ಕರೆಂಟೇ ಇರಲಿಲ್ಲ ಎಂದು ಅಮ್ಮ ಈಗ ವಾದಿಸುತ್ತಾಳೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಎಲ್ಲರೂ ನಗುತ್ತಿದ್ದಾಗ ನಾನು ಹೆಮ್ಮೆಯಿಂದ, "ನಮ್ಮತ್ತೆ ಇವನಿಗಿಂತ ಚೆನ್ನಾಗಿ ಮಾಡ್ತಾಳೆ," ಎಂದೆ.

"ಹೌದೇನಮ್ಮ? ಎಲ್ಲಿ, ಮಾಡು ನೋಡಣ," ಎಂದರು ಗಂಡಿನ ತಾಯಿ.

ಅತ್ತೆ ಅಜ್ಜಿಯ ಮುಖ ನೋಡಿದಳು. "ನ... ನ... ನಂಗೆ ಬ... ಬ... ಬರಲ್ಲ."

ಅವರು ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ, ಥೇಟ್ ಅವನೇ! ಇನ್ನೊಂದ್ಸಲ ಮಾಡಮ್ಮ!"

ಬೇಡ ಎನ್ನಲು ಅತ್ತೆ ಬಾಯಿ ತೆರೆದಳು. 'ಬೇ' ದಾಟಿ ಮಾತು ಮುಂದೆ ಹೋಗಲಿಲ್ಲ. ಕತ್ತಿನ ನರ ಉಬ್ಬಿತು. ಒಬ್ಬೊಬ್ಬರದೇ ನಗು ನಿಂತಿತು. ಗಂಡಿನ ತಾಯಿ ತಟ್ಟೆಯನ್ನು ಕೆಳಗಿಟ್ಟರು.

ನಾನು ಮಾತ್ರ ಚಪ್ಪಾಳೆ ತಟ್ಟುತ್ತಲೇ ಇದ್ದೆ: "ಇನ್ನೊಂದ್ಸಲ, ಅತ್ತೆ!"