ಶಾಹಿದಾಗೆ ಒಂದು ಓಟು

ಟಿವಿ ಹಾಡಿನ ಸ್ಪರ್ಧೆಯಲ್ಲಿ ಗಾಯಕರಿಗೆ ಓಟು ಹಾಕಿದವರಿಗೆ ಮರುದಿನ ಸಂಜೆಯವರೆಗೆ ದನಿ ಇರುವುದಿಲ್ಲ. ಹಾಗಾಗಿ ಹೂ ಮಾರುವ ಚೌಡಮ್ಮ ಎಂಟು ವಾರ ಟಿವಿ ಮುಂದೆ ಕೂತು ಬರೀ ಬೈದಳು.

"ಇವನು ಹಾಡೋದಕ್ಕಿಂತ ಕೂದಲು ಸರಿ ಮಾಡ್ಕೊಳ್ಳೋದೇ ಜಾಸ್ತಿ."

ಫೈನಲ್‌ನಲ್ಲಿ ಶಾಹಿದಾ ಹಾಡಿದಾಗ ಮಾತ್ರ ಬೈಗುಳ ನಿಂತಿತು. ಒಂದು ಸ್ವರವೂ ಜಾರಲಿಲ್ಲ. ಚೌಡಮ್ಮ ಫೋನು ಎತ್ತಿಕೊಂಡಳು.

"ಅವ್ವಾ, ನಾಳೆ ವರಮಹಾಲಕ್ಷ್ಮಿ! ಕೂಗದೆ ಹೂ ಹೆಂಗೆ ಮಾರ್ತೀಯ?" ಎಂದಳು ಮಗಳು.

"ಇಂಥ ಹಾಡಿಗೆ ಓಟು ಹಾಕದೆ ನಾಳೆ ಯಾವ ಬಾಯಲ್ಲಿ ಕೂಗ್ಲಿ?"

ಬೆಳಗ್ಗೆ ತಟ್ಟೆ ಬಡಿಯುತ್ತ ಬೀದಿಗಿಳಿದಳು. ಅಲ್ಲಿ ಸೊಪ್ಪಿನವನು ತಕ್ಕಡಿ ಬಡಿಯುತ್ತಿದ್ದ, ಹಾಲಿನವನು ಕ್ಯಾನು ಬಡಿಯುತ್ತಿದ್ದ. ಪ್ರತಿ ಹಬ್ಬಕ್ಕೂ ಚೌಕಾಸಿ ಮಾಡುವ ಮೇಷ್ಟರ ಹೆಂಡತಿ ಬಾಯಿ ತೆರೆದಳು; ದನಿ ಬರಲಿಲ್ಲ. ನಗುತ್ತ ಮೂರು ಬೆರಳು ತೋರಿಸಿದಳು.

ಚೌಡಮ್ಮ ನಾಲ್ಕು ಮೊಳ ಅಳೆದು ಕೊಟ್ಟಳು.