ಮೂವತ್ತೆಂಟು ಕೈಪಂಪುಗಳ ಆರ್ಡರ್

"ಅಪ್ಪಾ, ಇದು ಮೋಸ. ಶುದ್ಧ ಮೋಸ," ಎಂದಳು ಮಗಳು, ಅಂಗಡಿಯ ಕಂಪ್ಯೂಟರಿನಿಂದ ತಲೆಯೆತ್ತದೆ.

ಯಾವುದೋ ಕಾಲೇಜಿನ ಖರೀದಿ ಅಧಿಕಾರಿಯ ಇಮೇಲ್. ಮೂವತ್ತೆಂಟು ಕೈಪಂಪು ತುರ್ತಾಗಿ ಬೇಕಂತೆ. ಫೋನ್ ನಂಬರಿಲ್ಲ. ಮಾಲು ಕಾಲೇಜಿಗಲ್ಲ, ಊರಾಚೆಯ ಶೆಡ್ಡೊಂದಕ್ಕೆ ಬರಬೇಕು. ಹಣ ತಿಂಗಳಾದ ಮೇಲೆ. "ತಮ್ಮ ದೂರದೃಷ್ಟಿಯ ಪಂಪುಗಳು" ಎಂಬ ಹೊಗಳಿಕೆ ಬೇರೆ. ಸಣ್ಣ ಅಂಗಡಿಗಳನ್ನು ಹೀಗೇ ಬೋಳಿಸುತ್ತಿರುವ ಸುದ್ದಿಯನ್ನು ಹೋದ ವಾರವಷ್ಟೇ ಅವಳು ಪತ್ರಿಕೆಯಿಂದ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು.

"ಮೂವತ್ತೆಂಟು ಯಾರು ಕೇಳ್ತಾರೆ? ನಲವತ್ತು ಕೇಳ್ತಾರೆ, ಐವತ್ತು ಕೇಳ್ತಾರೆ. ಚೌಕಾಸಿ ಕೂಡ ಮಾಡಿಲ್ಲ!"

"ಮಾಲಿನ ಬೆಲೆ ಗೊತ್ತಿರೋರು ಚೌಕಾಸಿ ಮಾಡಲ್ಲ ಕಣೇ," ಎಂದ ಅಪ್ಪ.

ಹನ್ನೊಂದು ವರ್ಷದ ಹಿಂದೆ, ಇನ್ನು ಮುಂದೆ ಕರೆಂಟೇ ಇರುವುದಿಲ್ಲವೆಂದು ಭವಿಷ್ಯ ನುಡಿದು, ಯಾರ ಮಾತೂ ಕೇಳದೆ ಅಪ್ಪ ತಂದ ಪಂಪುಗಳವು. ಕರೆಂಟು ಇದ್ದೇ ಇತ್ತು. ಪಂಪುಗಳೂ ಹಿಂದಿನ ಕೋಣೆಯಲ್ಲಿ ಇದ್ದೇ ಇದ್ದವು. ಮೋಟಾರು ರೀವೈಂಡಿಂಗ್ ಶುರುಮಾಡಲು ಮಗಳಿಗೆ ಆ ಕೋಣೆ ಬೇಕಿತ್ತು. ಸೋಮವಾರದೊಳಗೆ ಖಾಲಿಯಾಗದಿದ್ದರೆ ಎದುರಂಗಡಿಗೆ ಕೆಲಸಕ್ಕೆ ಸೇರುತ್ತೇನೆಂದು ಹೇಳಿಬಿಟ್ಟಿದ್ದಳು. ಅಪ್ಪನೋ, ಹೆಂಡತಿ, ಅಕ್ಕ, ಭಾವ ಎಲ್ಲರ ಮುಂದೆ ಎದೆ ತಟ್ಟಿಕೊಂಡಿದ್ದ: "ಗಿರಾಕಿ ಆರ್ಡರ್ ಕೊಟ್ಟರೆ ಮಾತ್ರ ಅವು ಆಚೆ ಹೋಗೋದು. ಗುಜರಿಗೆ ಹಾಕೋ ಮಾಲಲ್ಲ!"

ಶನಿವಾರ ಬೆಳಿಗ್ಗೆ ಪಂಪುಗಳು ಲಾರಿ ಹತ್ತಿದವು. ಮಗಳು ಲಾರಿಗೆ ಅಡ್ಡ ನಿಲ್ಲುವುದೊಂದು ಬಾಕಿ.

ಮಧ್ಯಾಹ್ನ ಡ್ರೈವರ್ ವಾಪಸು ಬಂದ. "ಶೆಡ್ಡಿನೋನು ಒಂದೊಂದನ್ನೂ ತೂಕ ಹಾಕಿಯೇ ಇಳಿಸ್ಕೊಂಡ ಯಜಮಾನ್ರೇ."

"ನೋಡಿದ್ಯಾ? ಗುಜರಿಗೆ ಮಾರ್ತಾರೆ!" ಮಗಳಿಗೆ ಅಳು ಬಂತು. ಕೋಣೆ ಕೋಣೆ ಎಂದು ತಾನು ಪ್ರಾಣ ತಿನ್ನದಿದ್ದರೆ ಅಪ್ಪ ಹೀಗೆ ಹಳ್ಳಕ್ಕೆ ಬೀಳುತ್ತಿರಲಿಲ್ಲ. "ನಡಿ, ಪೊಲೀಸ್ ಕಂಪ್ಲೇಂಟ್ ಕೊಡೋಣ."

"ಅಯ್ಯೋ ಬೇಡ, ಬೇಡ!" ಅಪ್ಪ ಹೌಹಾರಿದ. "ಮೋಸ ಹೋದೆ, ಹೋಯ್ತು. ನಾಲ್ಕು ಜನ ನಗ್ತಾರೆ, ನಗಲಿ. ನೀನು ಮೇಜು ತಂದು ಹಾಕ್ಕೋ."

ಯಾರಾದರೂ ನಕ್ಕರೆ ಮೂರು ದಿನ ಮಾತುಬಿಡುವ ಮನುಷ್ಯ. ಪಾಪ, ಒಳಗೊಳಗೇ ಎಷ್ಟು ನೊಂದಿರಬೇಕು ಎಂದುಕೊಳ್ಳುತ್ತ ಅವಳು ಕೋಣೆ ಗುಡಿಸತೊಡಗಿದಳು. ಬಾಗಿಲನ್ನು ಸರಿಸಿದಾಗ ಅದರ ಹಿಂದೆ, ಗೋಣಿಚೀಲ ಹೊದ್ದು ಇನ್ನೇನೋ ನಿಂತಿತ್ತು.

"ಅಪ್ಪಾ, ಇಲ್ಲಿನ್ನೂ ಎರಡು ಪಂಪಿವೆ!"

ಅಪ್ಪ ಬಂದು ನೋಡಿದ. ಸರಸರನೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಅಷ್ಟರಲ್ಲಿ ಗಿರಾಕಿಯೊಬ್ಬ ಪೈಪು ಕೇಳಿಕೊಂಡು ಬಂದದ್ದರಿಂದ ಎದ್ದು ಹೋದ.

ಇದೇ ಸಮಯವೆಂದು ಮಗಳು ಕಂಪ್ಲೇಂಟು ಬರೆಯಲು ಆ ಕುರ್ಚಿಯಲ್ಲಿ ಕೂತಳು. ತೆರೆಯ ಮೇಲೆ ಖರೀದಿ ಅಧಿಕಾರಿಯ ಇಮೇಲ್ ಖಾತೆ ತೆರೆದಿತ್ತು, ಅದರಲ್ಲೊಂದು ಅರ್ಧ ಬರೆದ ಪತ್ರ:

"ಮಾನ್ಯರೇ, ಬಾಗಿಲ ಹಿಂದಿರುವ ಎರಡು ಪಂಪುಗಳೂ ನಮ್ಮ ಕಾಲೇಜಿಗೆ ತುರ್ತಾಗಿ ಬೇಕಾಗಿವೆ."